ಕವಿ ಕೈಫಿ ಆಜ್ಮಿ: ಬದುಕು, ಬರಹ ಮತ್ತು ನಮಗೆ ಬಿಟ್ಟುಹೋದದ್ದು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ನಾನು ಕೈಫಿ ಆಜ್ಮಿ ಅವರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಈ ಹೆಸರು ಹೇಳಿದ ಕೂಡಲೇ ನಮ್ಮ ವಿದ್ಯಾರ್ಥಿಗಳು "ಶಬಾನಾ ಆಜ್ಮಿಯ ತಂದೆ" ಎನ್ನುತ್ತಾರೆ. ಹಿರಿಯರು "ಹಕೀಕತ್ ಸಿನಿಮಾದ ಹಾಡು ಬರೆದವರು" ಎನ್ನುತ್ತಾರೆ. ಎರಡೂ ನಿಜ. ಆದರೆ ಸಿನಿಮಾ ಹಾಡು ಬರೆದವರೊಬ್ಬರ ಬಗ್ಗೆ ಶೈಕ್ಷಣಿಕ ಸಂಘದ ವೇದಿಕೆಯ ಮೇಲೆ ಮಾತನಾಡುವುದೇಕೆ ಎಂದು ಕೆಲವರು ಕೇಳಬಹುದು. ಅದು ಯೋಗ್ಯವಾದ ಪ್ರಶ್ನೆಯೇ. ಇನ್ನೊಂದು ಪ್ರಶ್ನೆಯನ್ನು ನಾನು ಪಾಲಕರ ಬಾಯಿಂದ ಪ್ರತಿ ವರ್ಷ ಜೂನ್ ತಿಂಗಳಲ್ಲಿ ಕೇಳುತ್ತೇನೆ: "ಸರ್, ಉರ್ದು ಕಲಿತು ನಮ್ಮ ಮಕ್ಕಳಿಗೆ ಏನು ಸಿಗುತ್ತದೆ?" ಈ ಎರಡು ಪ್ರಶ್ನೆಗಳಿಗೂ ಕೈಫಿಯವರ ಬದುಕಿನಲ್ಲಿ ಉತ್ತರವಿದೆ ಎಂದು ನನಗೆ ಅನ್ನಿಸುತ್ತದೆ. ಆದ್ದರಿಂದ ಮೊದಲು ಅವರ ಬದುಕನ್ನು ಹೇಳುತ್ತೇನೆ, ಉತ್ತರವನ್ನು ಕೊನೆಗೆ ನೀವೇ ತೀರ್ಮಾನಿಸಿರಿ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಕೈಫಿಯವರ ಮೂಲ ಹೆಸರು ಸೈಯದ್ ಅತ್ಹರ್ ಹುಸೇನ್ ರಿಜ್ವಿ. ಉತ್ತರ ಪ್ರದೇಶದ ಆಜಮ್‌ಗಢ ಜಿಲ್ಲೆಯ ಮಿಜ್ವಾನ್ ಎಂಬ ಸಣ್ಣ ಹಳ್ಳಿ ಅವರ ಊರು. 1919ರ ಜನವರಿ 14 ಅವರ ಜನ್ಮದಿನವೆಂದು ಆಚರಿಸಲಾಗುತ್ತದೆ. 'ಕೈಫಿ' ಎಂಬುದು ಅವರ ತಖಲ್ಲುಸ್, ಅಂದರೆ ಕಾವ್ಯನಾಮ. 'ಕೈಫ್' ಎಂದರೆ ಆನಂದ, ಒಂದು ಬಗೆಯ ಮೈಮರೆವು. 'ಆಜ್ಮಿ' ಎಂದರೆ ಆಜಮ್‌ಗಢದವನು. ನಮ್ಮಲ್ಲಿ ಅಥಣಿಯವರು 'ಅಥಣಿ' ಎಂದೂ, ನಿಪ್ಪಾಣಿಯವರು 'ನಿಪ್ಪಾಣಿಕರ' ಎಂದೂ ಅಡ್ಡಹೆಸರು ಇಟ್ಟುಕೊಳ್ಳುವಂತೆಯೇ ಇದು. ಮುಂದೆ ಮುಂಬಯಿಯಲ್ಲಿ ಎಷ್ಟೇ ಹೆಸರು ಮಾಡಿದರೂ ಊರಿನ ಹೆಸರನ್ನು ಅವರು ತಮ್ಮ ಹೆಸರಿನಿಂದ ಕಳಚಲಿಲ್ಲ. ಇದನ್ನು ನೆನಪಿಡಿರಿ, ಏಕೆಂದರೆ ಕಥೆ ಕೊನೆಗೆ ಅದೇ ಊರಿಗೆ ಬರುತ್ತದೆ.

ಅವರದು ಜಮೀನ್ದಾರರ ಮನೆತನ. ಮನೆಯಲ್ಲಿ ಓದು, ಕವಿತೆ ಎರಡೂ ಇದ್ದವು. ಹಿರಿಯ ಅಣ್ಣಂದಿರು ಇಂಗ್ಲಿಷ್ ಶಿಕ್ಷಣ ಪಡೆದರು. ಕಿರಿಯವನಾದ ಅತ್ಹರ್‌ನನ್ನು ಮೌಲ್ವಿಯನ್ನಾಗಿ ಮಾಡಬೇಕೆಂದು ಲಖನೌ ನಗರದ ಸುಲ್ತಾನುಲ್ ಮದಾರಿಸ್ ಎಂಬ ಮದರಸಾಕ್ಕೆ ಸೇರಿಸಿದರು.

ಹನ್ನೊಂದನೆಯ ವಯಸ್ಸಿನಲ್ಲಿ ನಡೆದ ಒಂದು ಪ್ರಸಂಗವನ್ನು ಮಕ್ಕಳು ವಿಶೇಷವಾಗಿ ಕೇಳಬೇಕು. ಒಂದು ಮುಶಾಯಿರಾದಲ್ಲಿ ಈ ಹುಡುಗ ತನ್ನದೆಂದು ಒಂದು ಗಜಲ್ ಓದಿದ. ಸಭೆಯಲ್ಲಿದ್ದವರು ಮೆಚ್ಚಿದರು, ಆದರೆ ನಂಬಲಿಲ್ಲ. ಅಣ್ಣ ಬರೆದುಕೊಟ್ಟದ್ದನ್ನು ತಮ್ಮ ಓದಿದ್ದಾನೆ ಎಂದರು. ಮನೆಯವರಿಗೂ ಸಂಶಯವೇ. ಕೊನೆಗೆ ಪರೀಕ್ಷೆ ಮಾಡೋಣವೆಂದು ಒಂದು ಸಾಲು ಕೊಟ್ಟು, ಇದೇ ಛಂದಸ್ಸಿನಲ್ಲಿ, ಇದೇ ಪ್ರಾಸದಲ್ಲಿ ಗಜಲ್ ಬರೆದು ತೋರಿಸು ಎಂದರು. ಹುಡುಗ ಬರೆದು ತೋರಿಸಿದ. ಎಲ್ಲರೂ ಸುಮ್ಮನಾದರು. ಆ ಗಜಲನ್ನೇ ಮುಂದೆ ಬೇಗಂ ಅಖ್ತರ್ ಅವರು ಹಾಡಿ ಇಡೀ ದೇಶಕ್ಕೆ ಕೇಳಿಸಿದರು. ಶಿಕ್ಷಕರಾದ ನಾವು ಈ ಪ್ರಸಂಗದಿಂದ ಒಂದು ಪಾಠ ಕಲಿಯಬೇಕು. ನಮ್ಮ ತರಗತಿಯ ಹುಡುಗ ಒಳ್ಳೆಯ ಪ್ರಬಂಧ ಬರೆದು ತಂದಾಗ ನಮ್ಮ ಬಾಯಿಂದ ಮೊದಲು ಬರುವ ಮಾತು "ಯಾರ ಕಡೆಯಿಂದ ಬರೆಸಿದೆ?" ಎಂದಾಗಬಾರದು. ಸಂಶಯ ಬಂದರೆ ಇನ್ನೊಂದು ವಿಷಯ ಕೊಟ್ಟು ಬರೆಯಲು ಕೂಡ್ರಿಸಿದರಾಯಿತು.

ಮದರಸಾದಲ್ಲಿ ಅತ್ಹರ್ ಬಹಳ ಕಾಲ ನಿಲ್ಲಲಿಲ್ಲ. ವಿದ್ಯಾರ್ಥಿಗಳ ಬೇಡಿಕೆಗಳಿಗಾಗಿ ಅಂಜುಮನ್ ಕಟ್ಟಿ ಮುಷ್ಕರ ಹೂಡಿದ, ಮುಷ್ಕರಕ್ಕೆ ಪದ್ಯ ಬರೆದುಕೊಟ್ಟ, ಕೊನೆಗೆ ಹೊರಗೆ ಬಂದ. ಆದರೆ ಓದು ಬಿಡಲಿಲ್ಲ. ಖಾಸಗಿಯಾಗಿ ಕುಳಿತು ಉರ್ದು, ಫಾರ್ಸಿ, ಅರಬಿ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿದ. ವಿದ್ಯಾರ್ಥಿ ಮಿತ್ರರೆ, ಮುಷ್ಕರದ ಮಾತು ಕೇಳಿ ನಿಮ್ಮ ಮುಖ ಅರಳಿದ್ದು ನನಗೆ ಇಲ್ಲಿಂದ ಕಾಣಿಸಿತು. ಪರೀಕ್ಷೆಯ ಮಾತನ್ನೂ ಅಷ್ಟೇ ಲಕ್ಷ್ಯಗೊಟ್ಟು ಕೇಳಿರಿ.

ಕಾನ್ಪುರದಿಂದ ಮುಂಬಯಿಗೆ

1942ರಲ್ಲಿ ಗಾಂಧೀಜಿಯವರು ಚಲೇಜಾವ್ ಚಳವಳಿಗೆ ಕರೆ ಕೊಟ್ಟಾಗ ಕೈಫಿಯವರಿಗೆ ಇಪ್ಪತ್ತಮೂರು ವರ್ಷ. ಫಾರ್ಸಿ, ಉರ್ದುವಿನ ಓದನ್ನು ಅಲ್ಲಿಗೇ ಬಿಟ್ಟರು. ಕಾನ್ಪುರದ ಕಾರ್ಮಿಕರ ನಡುವೆ ಕೆಲಸ ಮಾಡಿದರು. 1943ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿ, ಪಕ್ಷದ ಉರ್ದು ಪತ್ರಿಕೆ 'ಕೌಮಿ ಜಂಗ್'ನಲ್ಲಿ ಬರೆಯಲು ಮುಂಬಯಿಗೆ ಬಂದರು. ಸಜ್ಜಾದ್ ಜಹೀರ್, ಅಲಿ ಸರ್ದಾರ್ ಜಾಫ್ರಿ ಮೊದಲಾದ ಪ್ರಗತಿಶೀಲ ಲೇಖಕರ ಸಂಗ ಅಲ್ಲಿ ದೊರೆಯಿತು. ಅದೇ ಕಾಲಕ್ಕೆ ಅವರ ಮೊದಲ ಸಂಕಲನ 'ಝಂಕಾರ್' ಬಂದಿತು. 1947ರಲ್ಲಿ 'ಆಖಿರ್-ಎ-ಶಬ್' ಬಂದಿತು.

ಅವರ ರಾಜಕೀಯ ವಿಚಾರಗಳನ್ನೆಲ್ಲ ನೀವು ಒಪ್ಪಬೇಕೆಂದು ನಾನು ಹೇಳುವುದಿಲ್ಲ. ಈ ಸಭೆಯಲ್ಲಿ ಒಪ್ಪದವರೇ ಹೆಚ್ಚು ಇದ್ದಾರು. ಆದರೆ ಒಬ್ಬ ಮನುಷ್ಯ ತಾನು ನಂಬಿದ್ದಕ್ಕೆ ಕೊನೆಯವರೆಗೆ ನಿಂತನೇ, ಅದರಿಂದ ಬಡವರಿಗೆ ಉಪಯೋಗವಾಯಿತೇ ಎಂದು ನೋಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಹೈದರಾಬಾದಿನಲ್ಲಿ ಒಂದು ಮುಶಾಯಿರಾ

1947ರಲ್ಲಿ ಹೈದರಾಬಾದಿನಲ್ಲಿ ಒಂದು ಮುಶಾಯಿರಾ ನಡೆಯಿತು. ಅಲ್ಲಿ ಕೈಫಿಯವರು ತಮ್ಮ 'ಔರತ್' ಎಂಬ ನಜ್ಮ್ ಓದಿದರು. ನಜ್ಮ್ ಎಂದರೆ ಒಂದೇ ವಿಷಯವನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಸಾಗುವ ಕವಿತೆ. ಗಜಲ್‌ನಲ್ಲಿ ಒಂದೊಂದು ಶೇರ್ ತನ್ನಷ್ಟಕ್ಕೆ ತಾನೇ ಪೂರ್ಣ. ಕೈಫಿಯವರ ಹೆಚ್ಚಿನ ಶಕ್ತಿ ನಜ್ಮ್‌ನಲ್ಲಿತ್ತು.

ಆ ಕಾಲದ ಕವಿಗಳು ಹೆಣ್ಣನ್ನು ಬಣ್ಣಿಸುವಾಗ ಅವಳ ಕಣ್ಣು, ಕೂದಲು, ನಾಚಿಕೆ ಇವುಗಳಲ್ಲಿಯೇ ನಿಂತುಬಿಡುತ್ತಿದ್ದರು. ಕೈಫಿಯವರು ಹೆಣ್ಣಿಗೆ 'ಎದ್ದು ನನ್ನ ಜೊತೆಗೆ ನಡೆ' ಎಂಬ ಅರ್ಥದಲ್ಲಿ ಕರೆ ಕೊಟ್ಟರು. ಹಿಂದೆ ಬಾ ಎನ್ನಲಿಲ್ಲ, ಜೊತೆಗೆ ಬಾ ಎಂದರು. ಇಷ್ಟೊಂದು ಸಣ್ಣ ಶಬ್ದದಲ್ಲಿ ಎಷ್ಟೊಂದು ವ್ಯತ್ಯಾಸ ನೋಡಿರಿ.

ಸಭೆಯಲ್ಲಿ ಶೌಕತ್ ಎಂಬ ಯುವತಿ ಕುಳಿತಿದ್ದರು. ಬೇರೆ ಕಡೆ ಅವರ ಸಂಬಂಧ ನಿಶ್ಚಯವಾಗಿತ್ತು. ಈ ಕವಿತೆ ಬರೆದವರನ್ನೇ ಮದುವೆಯಾಗುತ್ತೇನೆಂದು ಅವರು ತೀರ್ಮಾನಿಸಿದರು. ಅವರ ತಂದೆಯ ದೊಡ್ಡತನವನ್ನು ಇಲ್ಲಿ ನೆನೆಯಬೇಕು. ಮಗಳನ್ನು ಬೈದು ಬಾಗಿಲು ಹಾಕಲಿಲ್ಲ. ತಾವೇ ಮುಂಬಯಿಗೆ ಕರೆದುಕೊಂಡು ಹೋಗಿ, ಕವಿ ಹೇಗೆ ಬದುಕುತ್ತಿದ್ದಾನೆಂದು ಅವಳ ಕಣ್ಣಿಗೇ ತೋರಿಸಿದರು. ಬಡತನ ನೋಡಿಯೂ ಮಗಳು ಮನಸ್ಸು ಬದಲಿಸಲಿಲ್ಲ. ಅದೇ ವರ್ಷ ನಿಕಾಹ್ ಆಯಿತು.

ಮುಂದೆ ಸಂಸಾರ ನಡೆದದ್ದು 'ರೆಡ್ ಫ್ಲ್ಯಾಗ್ ಹಾಲ್' ಎಂಬಲ್ಲಿ. ಎಂಟು ಕುಟುಂಬ, ಒಂದೊಂದು ಕುಟುಂಬಕ್ಕೆ ಒಂದೊಂದು ಕೋಣೆ, ಎಲ್ಲರಿಗೂ ಸೇರಿ ಒಂದೇ ಬಚ್ಚಲು. ಶೌಕತ್ ಅವರು ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ಇಪ್ಟಾ ಮತ್ತು ಪೃಥ್ವಿ ಥಿಯೇಟರಿನ ನಾಟಕಗಳಲ್ಲಿ ಪಾತ್ರ ಮಾಡಿ ದುಡಿದು ಮನೆ ನಡೆಸಿದರು. ಕೊನೆಗೆ ತಮ್ಮ ನೆನಪುಗಳನ್ನು ಉರ್ದುವಿನಲ್ಲಿ ಪುಸ್ತಕವಾಗಿ ಬರೆದರು. 2019ರ ನವೆಂಬರಿನಲ್ಲಿ ತೀರಿಕೊಂಡರು. 'ಜೊತೆಗೆ ನಡೆ' ಎಂಬ ಮಾತು ಕವಿತೆಯಲ್ಲಿಯೇ ಉಳಿಯದೆ ಮನೆಯಲ್ಲಿಯೂ ನಡೆಯಿತು ಎಂಬುದಕ್ಕಾಗಿ ಇದನ್ನು ಹೇಳಿದೆ.

ಇನ್ನೊಂದು ಸಂಗತಿಯನ್ನು ಶಬಾನಾ ಅವರು ಹಲವು ಸಲ ಹೇಳಿಕೊಂಡಿದ್ದಾರೆ. ಚಿಕ್ಕವರಿದ್ದಾಗ ಅವರನ್ನು ಇಂಗ್ಲಿಷ್ ಶಾಲೆಗೆ ಸೇರಿಸಬೇಕಾಗಿತ್ತು. ತಂದೆ ತಾಯಿಗೆ ಇಂಗ್ಲಿಷ್ ಮಾತನಾಡಲು ಬರುತ್ತಿರಲಿಲ್ಲ. ಹೀಗಾಗಿ ಇಂಗ್ಲಿಷ್ ಬಲ್ಲ ಇಬ್ಬರು ಸ್ನೇಹಿತರು ತಾಯಿ, ತಂದೆ ಎಂದು ಹೋಗಿ ಪ್ರವೇಶ ಮಾಡಿಸಿದರು. ನಮ್ಮ ಪಾಲಕರಲ್ಲಿ ಎಷ್ಟೋ ಜನ ಶಾಲೆಯ ಕಚೇರಿಗೆ ಬರಲು ಅಂಜುತ್ತಾರೆ. "ನಮಗೆ ಮಾತಾಡಾಕ ಬರೂದಿಲ್ರಿ ಸರ್" ಎಂದು ಬಾಗಿಲ ಹೊರಗೇ ನಿಲ್ಲುತ್ತಾರೆ. ಇಷ್ಟು ದೊಡ್ಡ ಕವಿಯ ಮನೆಯಲ್ಲೂ ಆ ಅಂಜಿಕೆ ಇತ್ತು ಎಂದು ಅವರಿಗೆ ತಿಳಿಸಿ ಹೇಳೋಣ. ಅಂಜಿಕೆ ಇದ್ದರೂ ಮಗಳ ಕಲಿಕೆಯನ್ನು ಅವರು ಬಿಡಿಸಲಿಲ್ಲ ಎಂಬುದನ್ನೂ ಹೇಳೋಣ.

ಚಲನಚಿತ್ರ ಗೀತೆಗಳು

ಸಿನಿಮಾಕ್ಕೆ ಕೈಫಿಯವರು ಬಂದದ್ದು ಮನೆಯ ಖರ್ಚಿಗಾಗಿ. ಶಾಹಿದ್ ಲತೀಫ್ ಮತ್ತು ಇಸ್ಮತ್ ಚುಗ್ತಾಯಿ ದಂಪತಿಗಳು 1951ರ 'ಬುಜ್ದಿಲ್' ಚಿತ್ರಕ್ಕೆ ಹಾಡು ಬರೆಯಲು ಅವಕಾಶ ಕೊಟ್ಟರು. 1959ರಲ್ಲಿ ಗುರುದತ್ತರ 'ಕಾಗಜ್ ಕೆ ಫೂಲ್' ಬಂದಿತು. ಸಚಿನ್ ದೇವ್ ಬರ್ಮನ್ ಸಂಗೀತ, ಗೀತಾ ದತ್ ಕಂಠ, ಕೈಫಿಯವರ ಮಾತು. ಹಾಡು ಇಂದಿಗೂ ಉಳಿದಿದೆ, ಆದರೆ ಅಂದು ಸಿನಿಮಾ ನಡೆಯಲಿಲ್ಲ. ಹಾಡು ಚೆನ್ನ, ಕವಿಯ ಕಾಲ್ಗುಣ ಸರಿಯಿಲ್ಲ ಎಂದು ನಿರ್ಮಾಪಕರು ದೂರ ಸರಿದರು.

ಆಗ ಚೇತನ್ ಆನಂದ್ ಬಂದರು. ಅವರ ಬಗ್ಗೆಯೂ ಜನ ಅದೇ ಮಾತು ಆಡುತ್ತಿದ್ದರಂತೆ. ಎರಡು ಋಣ ಸೇರಿದರೆ ಧನವಾಗುತ್ತದೆ, ನೋಡೋಣ ಎಂದರಂತೆ. ಗಣಿತದಲ್ಲಿ ಋಣ ಋಣ ಗುಣಿಸಿದರೆ ಧನ ಎಂದು ನಮ್ಮ ಎಂಟನೆಯ ತರಗತಿಯ ಮಕ್ಕಳಿಗೂ ಗೊತ್ತು. ಹಾಗೆಯೇ ಆಯಿತು. 1962ರ ಚೀನಾ ಯುದ್ಧದ ಮೇಲೆ ಮಾಡಿದ 'ಹಕೀಕತ್' 1964ರಲ್ಲಿ ತೆರೆಗೆ ಬಂದಿತು. ಮದನ್ ಮೋಹನ್ ಸಂಗೀತಕ್ಕೆ ಮಹಮ್ಮದ್ ರಫಿ ಹಾಡಿದ ಅದರ ಒಂದು ಗೀತೆಯನ್ನು ನಮ್ಮ ಊರುಗಳಲ್ಲಿ ಆಗಸ್ಟ್ 15 ಮತ್ತು ಜನವರಿ 26ರಂದು ಬೆಳಗಿನಿಂದ ಧ್ವನಿವರ್ಧಕದಲ್ಲಿ ಕೇಳುತ್ತೇವೆ. ಪ್ರಾಣ ಕೊಡುವ ಸೈನಿಕ ಉಳಿದವರ ಕೈಗೆ ದೇಶವನ್ನು ಒಪ್ಪಿಸಿ ಹೋಗುವ ಹಾಡು ಅದು. ಕೇಳುವಾಗ ಅದನ್ನು ಬರೆದವರು ಯಾರೆಂದು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಅನಂತರ 1966ರಲ್ಲಿ 'ಅನುಪಮಾ' ಬಂದಿತು. 1970ರ 'ಹೀರ್ ರಾಂಝಾ' ಚಿತ್ರದ ಸಂಭಾಷಣೆಯನ್ನೆಲ್ಲ ಕೈಫಿಯವರು ಪದ್ಯದಲ್ಲಿಯೇ ಬರೆದರು. ಪಾತ್ರಗಳು ಜಗಳವಾಡುವುದೂ ಪದ್ಯದಲ್ಲಿ, ಊಟಕ್ಕೆ ಕರೆಯುವುದೂ ಪದ್ಯದಲ್ಲಿ. ನಮ್ಮ ಕಡೆಯ ಬಯಲಾಟ, ಪಾರಿಜಾತ ನೋಡಿದವರಿಗೆ ಇದು ಅಷ್ಟೊಂದು ಹೊಸದೆನಿಸಲಾರದು, ಆದರೆ ಹಿಂದಿ ಸಿನಿಮಾದಲ್ಲಿ ಅದು ದೊಡ್ಡ ಸಾಹಸ. 1972ರ 'ಪಾಕೀಜಾ'ದಲ್ಲಿ ಒಂದು ಹಾಡು, 1982ರ 'ಅರ್ಥ್'ನಲ್ಲಿ ಜಗಜಿತ್ ಸಿಂಗ್ ಹಾಡಿದ ಗಜಲ್‌ಗಳು, ಹೀಗೆ ಪಟ್ಟಿ ಬೆಳೆಯುತ್ತದೆ.

ಸಿನಿಮಾ ಹಾಡು ಹೇಗೆ ಹುಟ್ಟುತ್ತದೆ ಎಂಬುದು ಮಕ್ಕಳಿಗೆ ತಿಳಿದಿರಲಿ. ಬಹಳ ಸಲ ಮೊದಲು ಧಾಟಿ ಸಿದ್ಧವಾಗುತ್ತದೆ, ಕವಿ ಅದರ ಅಳತೆಗೆ ಶಬ್ದ ಹುಡುಕಬೇಕು. ಮೊದಲು ಗೋರಿ ತೋಡಿ, ಆಮೇಲೆ ಅದರ ಅಳತೆಯ ಹೆಣ ಹುಡುಕಿದಂತೆ ಇದು ಎಂದು ಕೈಫಿಯವರು ನಗೆಯಾಡುತ್ತಿದ್ದರು. ಇಷ್ಟು ಕಟ್ಟುಪಾಡಿನ ಒಳಗೂ ಅವರು ಅಗ್ಗದ ಮಾತು ಬರೆಯಲಿಲ್ಲ. ಹಾಡು ಕೇಳುವ ಹಮಾಲನಿಗೂ, ಟಾಂಗಾ ಹೊಡೆಯುವವನಿಗೂ ಅರ್ಥವಾಗುವ ಉರ್ದು ಬರೆದರು. ಗ್ರಂಥಾಲಯದ ಮೆಟ್ಟಿಲು ಹತ್ತದ ಜನರಿಗೆ ಒಳ್ಳೆಯ ಕವಿತೆ ಮುಟ್ಟಿದ್ದು ಸಿನಿಮಾ ಹಾಡಿನಿಂದ. 'ಸಿನಿಮಾದವರ ಬಗ್ಗೆ ಏಕೆ' ಎಂಬ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದೇ.

ನಮ್ಮ ನಾಡಿನ ಸಂಬಂಧ

ಕೈಫಿಯವರು ದೂರದ ಉತ್ತರ ದೇಶದವರು, ನಮಗೇನು ಸಂಬಂಧ ಎನ್ನಬೇಡಿರಿ. 1969ರಲ್ಲಿ ಖ್ವಾಜಾ ಅಹ್ಮದ್ ಅಬ್ಬಾಸರು 'ಸಾತ್ ಹಿಂದೂಸ್ತಾನಿ' ಎಂಬ ಚಿತ್ರ ಮಾಡಿದರು. ಪೋರ್ತುಗೀಸರ ಕೈಯಲ್ಲಿದ್ದ ಗೋವಾಕ್ಕೆ ಬೇರೆ ಬೇರೆ ಪ್ರಾಂತ, ಬೇರೆ ಬೇರೆ ಧರ್ಮದ ಏಳು ಜನ ಭಾರತೀಯರು ಹೋಗಿ ಹೋರಾಡುವ ಕಥೆ. ಗೋವಾ ವಿಮೋಚನೆಯ ಸತ್ಯಾಗ್ರಹಿಗಳಿಗೆ ನಮ್ಮ ಬೆಳಗಾವಿ ಒಂದು ನೆಲೆಯಾಗಿತ್ತೆಂಬುದನ್ನು ನಮ್ಮ ಹಿರಿಯರು ಬಲ್ಲರು. ಅಮಿತಾಭ್ ಬಚ್ಚನ್ ಅವರ ಮೊದಲ ಚಿತ್ರ ಇದು. ಅವರ ಪಾತ್ರ ಬಿಹಾರದ ಒಬ್ಬ ಉರ್ದು ಕವಿಯದು. ಈ ಚಿತ್ರದ ಗೀತೆಗಾಗಿ ಕೈಫಿಯವರಿಗೆ ರಾಷ್ಟ್ರಪ್ರಶಸ್ತಿ ಬಂದಿತು.

ಎರಡನೆಯ ಸಂಬಂಧ ಇನ್ನೂ ಹತ್ತಿರದ್ದು. ಮೈಸೂರಿನಲ್ಲಿ ಹುಟ್ಟಿದ ಕನ್ನಡಿಗ ಎಂ.ಎಸ್. ಸತ್ಯು ಅವರು 'ಹಕೀಕತ್' ಚಿತ್ರದ ಕಲಾ ನಿರ್ದೇಶನಕ್ಕೆ ಪ್ರಶಸ್ತಿ ಪಡೆದವರು. ಮುಂದೆ ಅವರೇ 'ಗರ್ಮ್ ಹವಾ' ನಿರ್ದೇಶಿಸಿದರು. ಇಸ್ಮತ್ ಚುಗ್ತಾಯಿ ಅವರ ಕಥೆ; ಚಿತ್ರಕಥೆ ಕೈಫಿ ಆಜ್ಮಿ ಮತ್ತು ಶಮಾ ಜೈದಿ ಅವರದು; ಸಂಭಾಷಣೆ ಕೈಫಿಯವರದು. ದೇಶ ವಿಭಜನೆಯಾದ ಮೇಲೆ ಆಗ್ರಾದಲ್ಲಿ ಉಳಿದ ಸಲೀಂ ಮಿರ್ಜಾ ಎಂಬ ಬೂಟು ಕಾರಖಾನೆಯ ಮಾಲೀಕನ ಕಥೆ. ಬಂಧುಗಳು ಒಬ್ಬೊಬ್ಬರೇ ಪಾಕಿಸ್ತಾನಕ್ಕೆ ಹೋಗುತ್ತಾರೆ, ಬ್ಯಾಂಕು ಸಾಲ ಕೊಡುವುದಿಲ್ಲ, ಬಾಡಿಗೆ ಮನೆ ಸಿಗುವುದಿಲ್ಲ. ಮಿರ್ಜಾ ಊರು ಬಿಡಲು ಹೊರಟು ನಿಲ್ದಾಣದ ದಾರಿ ಹಿಡಿಯುತ್ತಾನೆ. ದಾರಿಯಲ್ಲಿ ಕೆಲಸ ಕೇಳುವ ಜನರ ಮೆರವಣಿಗೆ ಬರುತ್ತದೆ. ಮಗ ಇಳಿದು ಅದರಲ್ಲಿ ಸೇರುತ್ತಾನೆ, ತಂದೆಯೂ ಸೇರುತ್ತಾನೆ. ಇದೇ ನನ್ನ ನೆಲ, ಸುಖ ದುಃಖ ಎರಡೂ ಇಲ್ಲಿಯ ಜನರ ಜೊತೆಗೇ ಎಂದು ಆ ಕೊನೆ ಹೇಳುತ್ತದೆ. ಬಲರಾಜ್ ಸಾಹನಿ ಮಿರ್ಜಾನ ಪಾತ್ರ ಮಾಡಿದರು, ಶೌಕತ್ ಆಜ್ಮಿ ಅವನ ಹೆಂಡತಿಯ ಪಾತ್ರ ಮಾಡಿದರು. ಚರ್ಮದ ಕೆಲಸಗಾರರ ಬದುಕನ್ನು ಕೈಫಿಯವರು ಕಣ್ಣಾರೆ ಕಂಡದ್ದು ಈ ಚಿತ್ರಕ್ಕೆ ಬಹಳ ಉಪಯೋಗವಾಯಿತು. ಚಪ್ಪಲಿ ಮಾಡುವ ಕುಟುಂಬಗಳಿರುವ ನಮ್ಮ ಅಥಣಿ, ನಿಪ್ಪಾಣಿ ಭಾಗದವರಿಗೆ ಆ ಕಾರಖಾನೆಯ ದೃಶ್ಯಗಳು ಪರಕೀಯವೆನಿಸುವುದಿಲ್ಲ.

ಚಿತ್ರ ಗಲಭೆಗೆ ಕಾರಣವಾದೀತೆಂಬ ಭಯದಿಂದ ಸೆನ್ಸಾರಿನಲ್ಲಿ ತಿಂಗಳುಗಟ್ಟಲೆ ನಿಂತಿತು. ಅದಕ್ಕೆ ಮೊದಲು ಬಾಗಿಲು ತೆರೆದದ್ದು ನಮ್ಮ ಬೆಂಗಳೂರಿನ ಎರಡು ಚಿತ್ರಮಂದಿರಗಳು. ಜನ ಶಾಂತವಾಗಿ ನೋಡಿದರು, ಮೆಚ್ಚಿದರು. ಅನಂತರ ದೇಶದ ಇತರ ಕಡೆ ಬಿಡುಗಡೆಯಾಯಿತು. ರಾಷ್ಟ್ರೀಯ ಭಾವೈಕ್ಯದ ಶ್ರೇಷ್ಠ ಚಿತ್ರವೆಂಬ ಪ್ರಶಸ್ತಿಯೂ ಬಂದಿತು. ಕನ್ನಡಿಗ ನಿರ್ದೇಶಕ, ಉರ್ದು ಕವಿ, ಪಂಜಾಬಿ ನಟ ಸೇರಿ ಮಾಡಿದ ಚಿತ್ರಕ್ಕೆ ಕನ್ನಡ ನಾಡು ಮೊದಲು ಸ್ವಾಗತ ಕೊಟ್ಟಿತೆಂಬುದು ನಮಗೆ ಅಭಿಮಾನದ ಸಂಗತಿ.

ಕಾಯಿಲೆ ಮತ್ತು ಕೀರ್ತಿ

1973ರ ಫೆಬ್ರುವರಿಯಲ್ಲಿ ಕೈಫಿಯವರಿಗೆ ಪಾರ್ಶ್ವವಾಯು ಹೊಡೆಯಿತು. ಎಡಗೈ, ಎಡಗಾಲು ನಿಂತುಹೋದವು. ಆಗ ಅವರಿಗೆ ಐವತ್ತನಾಲ್ಕು ವರ್ಷ. ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದ್ದಾಗಲೇ ಶಮಾ ಜೈದಿ ಅವರಿಗೆ ಹೇಳಿ 'ಧಮಾಕಾ' ಎಂಬ ನಜ್ಮ್ ಬರೆಸಿದರು. ಎಡಗೈ ಕೊನೆಯವರೆಗೂ ಸರಿಯಾಗಲಿಲ್ಲ. ಬಲಗೈ ಇತ್ತಲ್ಲ, ಅದರಲ್ಲಿ ಮತ್ತೆ ಇಪ್ಪತ್ತೊಂಬತ್ತು ವರ್ಷ ಬರೆದರು. ಅವರಿಗಿದ್ದ ಒಂದೇ ಶೋಕಿ ಒಳ್ಳೆಯ ಮಸಿಪೆನ್ನುಗಳದು. ಮಾಂಟ್ ಬ್ಲಾಂಕ್ ಪೆನ್ನುಗಳನ್ನು ಕೂಡಿಸಿ, ಒರೆಸಿ, ಜೋಪಾನವಾಗಿ ಇಡುತ್ತಿದ್ದರೆಂದು ಮಗಳು ಹೇಳುತ್ತಾರೆ.

1974ರಲ್ಲಿ ಪದ್ಮಶ್ರೀ, 1975ರಲ್ಲಿ 'ಆವಾರಾ ಸಜ್ದೆ' ಸಂಕಲನಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಕೊನೆಗೆ ಅಕಾಡೆಮಿಯ ಫೆಲೋಶಿಪ್ ಬಂದವು. 1992ರಲ್ಲಿ ಅಯೋಧ್ಯೆಯ ಘಟನೆಯಾದಾಗ 'ದೂಸ್ರಾ ಬನ್‌ವಾಸ್' ಎಂಬ ನಜ್ಮ್ ಬರೆದರು. ರಕ್ತದ ಕಲೆ ನೋಡಿ ಶ್ರೀರಾಮನೇ ನೊಂದು ಎರಡನೆಯ ಸಲ ವನವಾಸಕ್ಕೆ ಹೊರಟನೆಂಬುದು ಅದರ ಭಾವ. ಆ ಹೊತ್ತಿನಲ್ಲಿಯೂ ಅವರ ಲೇಖನಿಯಿಂದ ದ್ವೇಷ ಬರಲಿಲ್ಲ, ಎರಡೂ ಕಡೆಯವರು ಓದಿ ತಲೆ ತಗ್ಗಿಸುವಂಥ ದುಃಖ ಬಂದಿತು. 1995ರ 'ನಸೀಮ್' ಚಿತ್ರದಲ್ಲಿ ಮೊಮ್ಮಗಳಿಗೆ ಹಳೆಯ ಕಾಲದ ಕಥೆ ಹೇಳುವ ಅಜ್ಜನ ಪಾತ್ರವನ್ನು ತಾವೇ ಮಾಡಿದರು. 2002ರ ಮೇ 10ರಂದು ಮುಂಬಯಿಯಲ್ಲಿ ಕಣ್ಣು ಮುಚ್ಚಿದರು.

ಮತ್ತೆ ಮಿಜ್ವಾನ್

ಈಗ ನಾನು ಇಷ್ಟು ಹೊತ್ತು ಬರಬೇಕೆಂದಿದ್ದ ಜಾಗಕ್ಕೆ ಬಂದೆ. ಪಾರ್ಶ್ವವಾಯುವಾದ ಮೇಲೆ ಮನುಷ್ಯ ಸಾಮಾನ್ಯವಾಗಿ ಮನೆ ಹಿಡಿಯುತ್ತಾನೆ. ಕೈಫಿಯವರು ಊರು ಹಿಡಿದರು. ಎಷ್ಟೋ ವರ್ಷಗಳ ಮೇಲೆ ಮಿಜ್ವಾನ್‌ಗೆ ಹೋಗಿ ನೋಡಿದರೆ ಊರು ಇದ್ದ ಹಾಗೆಯೇ ಇತ್ತು. ಸರಿಯಾದ ರಸ್ತೆ ಇಲ್ಲ, ಹೆಣ್ಣುಮಕ್ಕಳಿಗೆ ಶಾಲೆ ಇಲ್ಲ. ಗಾಲಿಕುರ್ಚಿಯಲ್ಲಿ ಕುಳಿತ ಈ ಕವಿ ಅಧಿಕಾರಿಗಳ ಬೆನ್ನು ಹತ್ತಿದರು. ರಸ್ತೆ ಬಂದಿತು, ಅಂಚೆ ಕಚೇರಿ ಬಂದಿತು. ಹೆಣ್ಣುಮಕ್ಕಳ ಶಾಲೆ ಶುರುವಾಗಿ ಮುಂದೆ ಕಾಲೇಜಿನವರೆಗೆ ಬೆಳೆಯಿತು. ಕಂಪ್ಯೂಟರ್ ಕೇಂದ್ರ, ಹೊಲಿಗೆ ಮತ್ತು ಚಿಕನ್ ಕಸೂತಿಯ ಕೇಂದ್ರ ಬಂದವು. ಈ ಕೆಲಸಕ್ಕಾಗಿ 1993ರಲ್ಲಿ ಮಿಜ್ವಾನ್ ವೆಲ್‌ಫೇರ್ ಸೊಸೈಟಿ ಸ್ಥಾಪಿಸಿದರು. ಅವರ ನಂತರ ಮಗಳು ಅದನ್ನು ನಡೆಸಿಕೊಂಡು ಬಂದರು. ಆ ಹಳ್ಳಿಯ ಹೆಣ್ಣುಮಕ್ಕಳ ಕೈಯ ಕಸೂತಿ ಮುಂಬಯಿಯ ದೊಡ್ಡ ದೊಡ್ಡ ಪ್ರದರ್ಶನಗಳವರೆಗೆ ಹೋಯಿತು. ಆಜಮ್‌ಗಢದಿಂದ ದಿಲ್ಲಿಗೆ ಹೋಗುವ ರೈಲಿಗೆ 'ಕೈಫಿಯಾತ್ ಎಕ್ಸ್‌ಪ್ರೆಸ್' ಎಂದು ಹೆಸರಿಟ್ಟರು.

ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಹೈದರಾಬಾದಿನ ವೇದಿಕೆಯ ಮೇಲೆ 'ಜೊತೆಗೆ ನಡೆ' ಎಂದು ಓದಿದ ಕವಿ, ಅರವತ್ತು ದಾಟಿ ತನ್ನ ಕಾಲೇ ನಡೆಯದಿದ್ದಾಗ ಹಳ್ಳಿಯ ಹುಡುಗಿಯರು ನಡೆಯಲು ದಾರಿ ಮಾಡಿಕೊಟ್ಟರು. 'ಶೈಕ್ಷಣಿಕ ಸಂಘದಲ್ಲಿ ಈ ಹೆಸರು ಏಕೆ' ಎಂಬುದಕ್ಕೆ ನನ್ನ ಎರಡನೆಯ ಉತ್ತರ ಇದು.

ಉರ್ದುವಿನಿಂದ ಏನು ಸಿಗುತ್ತದೆ?

ಇನ್ನು ಪಾಲಕರ ಪ್ರಶ್ನೆ. ಮೊದಲನೆಯದಾಗಿ ಉರ್ದು ನಮ್ಮ ನಾಡಿಗೆ ನೆಂಟರ ಹಾಗೆ ಬಂದ ಭಾಷೆಯಲ್ಲ. ಅಥಣಿಯಿಂದ ಬಿಜಾಪುರ ಎಷ್ಟು ದೂರ? ಅಲ್ಲಿಯ ಎರಡನೆಯ ಇಬ್ರಾಹಿಂ ಆದಿಲ್‌ಶಾಹ 'ಕಿತಾಬ್-ಎ-ನೌರಸ್' ಬರೆದದ್ದು, ಅಲ್ಲಿಯ ಆಸ್ಥಾನಕವಿ ನುಸ್ರತಿ ಕಾವ್ಯ ಕಟ್ಟಿದ್ದು ದಖನಿಯಲ್ಲಿ. ನಾವು ಮನೆಯಲ್ಲಿ 'ನಕ್ಕೋ' ಎಂದು ಆಡುವ ಮಾತಿಗೆ ಲಖನೌದವರು ನಗಬಹುದು. ನಗಲಿ. ಆ 'ನಕ್ಕೋ' ನೆರೆಯ ಮರಾಠಿಯಿಂದ ಬಂದದ್ದು, ಅದು ನಮ್ಮ ಕೂಡಿ ಬಾಳಿದ ಗುರುತು. ಕೈಫಿಯವರೂ ಪೂರ್ವ ಉತ್ತರ ಪ್ರದೇಶದ ಹಳ್ಳಿಯ ಮಾತಿನ ನಡುವೆ ಬೆಳೆದೇ ಉರ್ದು ಕವಿಯಾದರು.

ಎರಡನೆಯದಾಗಿ, ಉರ್ದು ಬಲ್ಲ ಮಗು ಕನ್ನಡದಲ್ಲಿ ಹಿಂದೆ ಬೀಳಬೇಕಾಗಿಲ್ಲ. ನಾನು ಎರಡನ್ನೂ ಕಲಿಸುತ್ತೇನೆ. ಬೆಳಿಗ್ಗೆ ತರಗತಿಯಲ್ಲಿ ಕರೆಯುವ 'ಹಾಜರಿ' ಉರ್ದುವಿನಲ್ಲೂ ಇದೆ, ಕನ್ನಡದಲ್ಲೂ ಇದೆ. ಅರ್ಜಿ, ಕಚೇರಿ, ತಹಶೀಲ್ದಾರ, ಜಮೀನು, ದಾಖಲೆ, ವಕೀಲ, ತಕರಾರು, ರೈತ, ರಜೆ ಇವೆಲ್ಲ ಎರಡೂ ಮನೆಯ ಶಬ್ದಗಳು. ಈ ಸಂಬಂಧ ತೋರಿಸಿ ಕಲಿಸಿದರೆ ಮಗುವಿಗೆ ಎರಡೂ ಭಾಷೆ ಬೇಗ ಹತ್ತುತ್ತವೆ. ನಮ್ಮ ಗಡಿಭಾಗದ ಮಗುವಿಗೆ ಮರಾಠಿಯೂ ಕಿವಿಗೆ ಬಿದ್ದಿರುತ್ತದೆ. ಇದು ಬಂಡವಾಳ, ಹೊರೆ ಅಲ್ಲ. ಆದರೆ ಒಂದು ಎಚ್ಚರಿಕೆ. ಕನ್ನಡವನ್ನು 'ಪಾಸಾಗುವಷ್ಟು' ಕಲಿತರೆ ಸಾಲದು. ಈ ರಾಜ್ಯದ ನೌಕರಿ, ಕೋರ್ಟು, ಪಂಚಾಯಿತಿ, ಆಸ್ಪತ್ರೆ ಎಲ್ಲ ನಡೆಯುವುದು ಕನ್ನಡದಲ್ಲಿ. ಉರ್ದುವನ್ನು ಪ್ರೀತಿಸುವವರು ಕನ್ನಡವನ್ನು ಚೆನ್ನಾಗಿ ಬರೆಯಬೇಕು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ನಮ್ಮ ಹೆಣ್ಣುಮಕ್ಕಳು. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಉರ್ದು ಶಾಲೆ ಏಳನೆಯ ಅಥವಾ ಎಂಟನೆಯ ತರಗತಿಗೆ ಮುಗಿಯುತ್ತದೆ. ಮುಂದೆ ಓದಬೇಕಾದರೆ ಬಸ್ಸು ಹತ್ತಿ ಬೇರೆ ಊರಿಗೆ, ಬೇರೆ ಮಾಧ್ಯಮಕ್ಕೆ ಹೋಗಬೇಕು. ಗಂಡು ಹುಡುಗ ಹೋಗುತ್ತಾನೆ, ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ನಿಪ್ಪಾಣಿ ಕಡೆಯಾದರೆ ತಾಯಿಯ ಪಕ್ಕ ಕುಳಿತು ಬೀಡಿ ಕಟ್ಟಲು ಕಲಿಯುತ್ತಾಳೆ. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ತಾಯಂದಿರ ಬಗ್ಗೆ ನನಗೆ ಅಪಾರ ಗೌರವವಿದೆ. ಅವರ ಬೆರಳಿನ ದುಡಿಮೆಯಿಂದಲೇ ಎಷ್ಟೋ ಮಕ್ಕಳ ಫೀಸು ತುಂಬಿದೆ. ಆ ತಾಯಂದಿರೇ ಹೇಳುತ್ತಾರೆ: "ನಮ್ಮ ಹಣೆಬರಹ ಮಗಳಿಗೆ ಬ್ಯಾಡ್ರಿ ಸರ್." ಹಾಗಾದರೆ ಬಸ್ಸಿನ ಪಾಸು, ಜೊತೆಗೆ ಹೋಗುವ ನಾಲ್ಕು ಗೆಳತಿಯರು, ದಾರಿಯ ಧೈರ್ಯ, ಇವನ್ನು ಒದಗಿಸುವುದು ನಮ್ಮ ಕೆಲಸ. ಮಿಜ್ವಾನ್‌ನಲ್ಲಿ ಒಬ್ಬ ಅಂಗವಿಕಲ ವೃದ್ಧರು ಮಾಡಿದ್ದನ್ನು ಐದು ತಾಲೂಕಿನ ನಾವಿಷ್ಟು ಜನ ಮಾಡಲಾರೆವೇ?

ನನ್ನ ವಿನಂತಿ

ಸಂಘದ ಹಿರಿಯರಲ್ಲಿ ಎರಡು ವಿನಂತಿಗಳಿವೆ. ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ನಮ್ಮ ಶಾಲೆಗಳ ಕೊನೆಯ ತರಗತಿ ಮುಗಿಸಿದ ಹುಡುಗಿಯರ ಪಟ್ಟಿಯನ್ನು ಶಿಕ್ಷಕರಿಂದ ಪಡೆಯಿರಿ. ಜೂನ್ ತಿಂಗಳಲ್ಲಿ ಯಾರು ಹೈಸ್ಕೂಲಿಗೆ ಹೋಗಿಲ್ಲವೋ ಅವರ ಮನೆಗೆ ಇಬ್ಬರು ಸದಸ್ಯರು, ಒಬ್ಬ ಶಿಕ್ಷಕಿ ಹೋಗಿ ಬನ್ನಿರಿ. ಭಾಷಣಕ್ಕಿಂತ ಒಂದು ಕಪ್ಪು ಚಹಾ ಕುಡಿದು ಮಾತನಾಡಿ ಬಂದರೆ ಹೆಚ್ಚು ಕೆಲಸವಾಗುತ್ತದೆ. ಎರಡನೆಯದು, ಪ್ರತಿ ಶಾಲೆಯಲ್ಲಿ ವಾರಕ್ಕೆ ಅರ್ಧ ಗಂಟೆ ಬೈತ್‌ಬಾಜಿಗೆ ಕೊಡೋಣ. ಒಬ್ಬರು ಹೇಳಿದ ಶೇರ್‌ನ ಕೊನೆಯ ಅಕ್ಷರದಿಂದ ಇನ್ನೊಬ್ಬರು ಶೇರ್ ಹೇಳುವ ಆಟ ಅದು. ಒಂದು ವಾರ ಉರ್ದುವಿನಲ್ಲಿ ಆಡಿದರೆ ಮರುವಾರ ಕನ್ನಡ ಪದ್ಯಗಳಿಂದ ಆಡಿಸೋಣ.

ವಿದ್ಯಾರ್ಥಿಗಳಿಗೆ ಒಂದೇ ಮಾತು. ನಿಮ್ಮ ಮೊಬೈಲಿನಲ್ಲಿ ಕೈಫಿಯವರ ಹಾಡು ಎರಡು ನಿಮಿಷದಲ್ಲಿ ಸಿ ಗುತ್ತದೆ. ಕೇಳಿರಿ, ಬೇಡವೆನ್ನುವುದಿಲ್ಲ. ಕೇಳಿದ ಮೇಲೆ ಅದರಲ್ಲಿಯ ಗೊತ್ತಿಲ್ಲದ ಐದು ಶಬ್ದಗಳನ್ನು ವಹಿಯಲ್ಲಿ ಬರೆದು, ಅವುಗಳ ಅರ್ಥವನ್ನು ಕನ್ನಡದಲ್ಲಿ ಬರೆದುಕೊಂಡು ನನ್ನ ಕಡೆಗೆ ಬನ್ನಿರಿ. ಶಬ್ದ ನಿಮ್ಮದಾದರೆ ಹಾಡು ನಿಮ್ಮದಾಗುತ್ತದೆ.